ಹಾವಿನೊಳಗೆ ಅಡಗಿದ ಬಣ್ಣ

ಮೆಂಡೆಲ್‌ನ ಬಟಾಣಿ ಗಿಡದ ಪಾಠ ನಮ್ಮ ವಿಜ್ಞಾನ ವಿಭಾಗದವರಿಗೆಲ್ಲ ಗೊತ್ತಿರುವುದೇ. ನಾಲ್ಕು ಚೌಕ ಎಳೆದು, ಅಕ್ಷರ ತುಂಬಿ, ಕೆಳಗೆ 3:1 ಎಂದು ಬರೆದರೆ ಅಂಕ ಸಿಗುತ್ತದೆ. ನಾನೂ ಅಷ್ಟೇ ಮಾಡುತ್ತಿದ್ದೆ. ಆ ಚೌಕಗಳು ನನಗೆ ನಿಜವಾಗಿ ಅರ್ಥವಾದದ್ದು ಒಂದು ಹಾವಿನ ದೆಸೆಯಿಂದ.

ನನ್ನ ಮಾಮು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಅವರ ದೊಡ್ಡ ಮಗ, ನಾವು ಭಾಯಿ ಎನ್ನುವವರು, ಮನೆಯಲ್ಲಿ ಕಾರ್ನ್ ಸ್ನೇಕ್ ಸಾಕಿದ್ದಾರೆ. ವಿಡಿಯೋ ಕಾಲ್‌ನಲ್ಲಿ ಅದನ್ನು ಕೈಗೆ ಸುತ್ತಿಕೊಂಡು ತೋರಿಸಿದಾಗ ಅಮ್ಮಿ ಫೋನನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಟ್ಟರು. ಹೆದರುವಂಥದ್ದೇನೂ ಇಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳ ಈ ಹಾವಿಗೆ ವಿಷವಿಲ್ಲ. ಇಲಿಗಳನ್ನು ಸುತ್ತಿ ಬಿಗಿದು ಕೊಂದು ತಿನ್ನುತ್ತದೆ. ನಮ್ಮ ಕೇರೆ ಹಾವು ಇರುವ ದೊಡ್ಡ ಕುಟುಂಬಕ್ಕೇ ಇದೂ ಸೇರಿದ್ದು. (ಹಾಗೆಂದು ಯಾರೂ ಕೇರೆ ಹಾವನ್ನು ಹಿಡಿದು ಸಾಕಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.)

ಕಾಡಿನ ಕಾರ್ನ್ ಸ್ನೇಕ್ ಮೈಮೇಲೆ ಕಿತ್ತಳೆ-ಕೆಂಪು ಮಚ್ಚೆಗಳು, ಅವುಗಳ ಸುತ್ತ ಕಪ್ಪು ಅಂಚು. ಹೊಟ್ಟೆಯ ಕಡೆ ಚದುರಂಗದ ಹಲಗೆಯಂತೆ ಕಪ್ಪು-ಬಿಳಿ ಚೌಕಗಳು. ಭಾಯಿಯ ಹೆಣ್ಣು ಹಾವು ನೋಡಲು ಹೀಗೆಯೇ ಇತ್ತು. ಆದರೆ ಅದನ್ನು ಮಾರಿದವರು ಡಬ್ಬಿಯ ಮೇಲೆ ‘66 ಪರ್ಸೆಂಟ್ ಹೆಟ್ ಅಮೆಲ್’ ಎಂದು ಬರೆದು, ಆ ಕಾರಣಕ್ಕೇ ಹೆಚ್ಚು ಹಣ ತೆಗೆದುಕೊಂಡಿದ್ದರು.

‘ಅಮೆಲ್’ ಎಂದರೆ ಅಮೆಲನಿಸ್ಟಿಕ್, ಅಂದರೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಇಲ್ಲದ್ದು. ಅಂಥ ಹಾವು ಕೆಂಪು, ಕಿತ್ತಳೆ, ಬಿಳಿ ಬಣ್ಣಗಳಲ್ಲಿ ಹೊಳೆಯುತ್ತದೆ, ಕಣ್ಣೂ ಕೆಂಪು. ಇದು ದುರ್ಬಲ ಗುಣ ಎಂದು ಎಚ್. ಬರ್ನಾರ್ಡ್ ಬೆಕ್ಟೆಲ್ ಎಂಬ ಅಮೆರಿಕದ ಚರ್ಮವೈದ್ಯರು ಹಾವುಗಳನ್ನು ಮರಿ ಮಾಡಿಸಿ 1962ರಲ್ಲಿಯೇ ತೋರಿಸಿದ್ದರು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ ಸೇರಿದರೆ ಮಾತ್ರ ಈ ಬಣ್ಣ ಕಾಣುತ್ತದೆ. ಒಂದೇ ಪ್ರತಿ ಇದ್ದರೆ ಹಾವು ಸಾಮಾನ್ಯವಾಗಿಯೇ ಕಾಣುತ್ತದೆ, ಗುಣ ಒಳಗೆ ಅಡಗಿರುತ್ತದೆ. ಅದೇ ಹೆಟರೋಜೈಗಸ್, ಹಾವು ಸಾಕುವವರ ಬಾಯಲ್ಲಿ ‘ಹೆಟ್’.

“ನೀನು ಬಯಾಲಜಿ ಓದುತ್ತೀಯಲ್ಲ, ಈ 66 ಎಲ್ಲಿಂದ ಬಂತು ಹೇಳು” ಎಂದರು ಭಾಯಿ. ಹಾವಿನ ತಂದೆ-ತಾಯಿ ಎರಡೂ ಹೆಟ್ ಆಗಿದ್ದವಂತೆ. ನಾನು ಚೌಕ ಬರೆದೆ. ನಾಲ್ಕರಲ್ಲಿ ಎರಡು ಹೆಟ್. “ಅಂಗಡಿಯವರು ತಪ್ಪು ಬರೆದಿದ್ದಾರೆ, ಇದು 50 ಪರ್ಸೆಂಟ್ ಆಗಬೇಕು” ಎಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ ನನ್ನ ತಪ್ಪು ಹೊಳೆಯಿತು. ನಾಲ್ಕನೇ ಚೌಕ ಕೆಂಪುಗಣ್ಣಿನ ಮರಿಯದು. ಭಾಯಿಯ ಹಾವಿನ ಕಣ್ಣು ಕೆಂಪಲ್ಲ, ಆದ್ದರಿಂದ ಅದು ಆ ಚೌಕದಲ್ಲಿ ಇರಲು ಸಾಧ್ಯವೇ ಇಲ್ಲ. ಉಳಿದದ್ದು ಮೂರು ಚೌಕ, ಅದರಲ್ಲಿ ಎರಡು ಹೆಟ್. ಮೂರರಲ್ಲಿ ಎರಡು ಎಂದರೆ 66. ಅಂದರೆ ಆ ಸಂಖ್ಯೆ ಹಾವಿನೊಳಗಿನ ಗುಣದ ಪ್ರಮಾಣವಲ್ಲ, ನಮ್ಮ ಊಹೆಯ ಪ್ರಮಾಣ. ಹಾವು ಹೆಟ್ ಆಗಿದ್ದರೆ ಪೂರ್ತಿ ಹೆಟ್, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಕಣ್ಣಿನಿಂದ ನೋಡಿ ಕಂಡುಹಿಡಿಯಬಹುದೇ? ಅಮೆಲ್ ವಿಷಯದಲ್ಲಿ ಆಗದು. ಕೆಲವು ಬೇರೆ ಗುಣಗಳು ಸುಳಿವು ಕೊಡುತ್ತವೆ. ‘ಬ್ಲಡ್‌ರೆಡ್’ ಎಂಬ ಗುಣದ ಒಂದೇ ಪ್ರತಿ ಹೊತ್ತ ಹಾವುಗಳಲ್ಲಿ ಅನೇಕ ಸಲ ಹೊಟ್ಟೆಯ ಕಪ್ಪು ಚೌಕಗಳು ಕಡಿಮೆ ಇರುತ್ತವೆ. ಆದರೆ ಮಚ್ಚೆ, ಚೌಕಗಳೆಲ್ಲ ಹಾವಿನಿಂದ ಹಾವಿಗೆ ಹೇಗೂ ಬದಲಾಗುವಂಥವು. ಸುಳಿವನ್ನು ಸಾಕ್ಷಿ ಎನ್ನಲಾಗದು.

ಒಂದೇ ರೀತಿ ಕಾಣುವುದು ಒಂದೇ ಗುಣ ಎಂದೂ ಹೇಳುವಂತಿಲ್ಲ. ಕೆಂಪು ಬಣ್ಣವಿಲ್ಲದ ಬೂದು ಹಾವುಗಳಲ್ಲಿ ‘ಅನೆರಿ’ ಎಂದೊಂದು, ‘ಚಾರ್ಕೋಲ್’ ಎಂದೊಂದು ಇವೆ. ಎರಡೂ ಬೂದು, ಆದರೆ ಇವೆರಡನ್ನು ಕೂಡಿಸಿದರೆ ಮರಿಗಳೆಲ್ಲ ಮಾಮೂಲಿ ಕಿತ್ತಳೆ ಬಣ್ಣದವು! ಕಾರಣ, ಎರಡು ಗುಣಗಳೂ ಬೇರೆ ಬೇರೆ ಜೀನ್‌ಗಳಿಂದ ಬಂದವು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ. ಅಮೆಲ್ ಮತ್ತು ಅನೆರಿಯನ್ನು ಕೂಡಿಸಿದರೂ ಮೊದಲ ತಲೆಮಾರು ಮಾಮೂಲಿಯೇ. ಆ ಮರಿಗಳನ್ನು ತಮ್ಮತಮ್ಮಲ್ಲಿ ಕೂಡಿಸಿದರೆ ನಮ್ಮ ಪಾಠದ 9:3:3:1 ಬರುತ್ತದೆ. ಆ ಕೊನೆಯ 1 ಇದೆಯಲ್ಲ, ಅದು ‘ಸ್ನೋ’ ಎಂಬ ಬಿಳಿ ಹಾವು.

ಭಾಯಿ ಹಿಡಿದದ್ದು ಪಾಠದಲ್ಲಿರುವ ಪರೀಕ್ಷಾ ಸಂಕರಣದ ದಾರಿಯನ್ನೇ. ಗೆಳೆಯನೊಬ್ಬನ ಅಮೆಲ್ ಗಂಡು ಹಾವನ್ನು ತಂದು ಕೂಡಿಸಿದರು. ಹೆಣ್ಣು ಹೆಟ್ ಆಗಿದ್ದರೆ ಪ್ರತಿ ಮರಿಯೂ ಅಮೆಲ್ ಆಗುವ ಸಂಭವ ಅರ್ಧಕ್ಕರ್ಧ. ಒಂದೇ ಒಂದು ಕೆಂಪುಗಣ್ಣಿನ ಮರಿ ಬಂದರೂ ಸಾಕು, ತೀರ್ಮಾನ ಆದಂತೆ. ಹನ್ನೊಂದು ಮೊಟ್ಟೆ ಇಟ್ಟಿತು. ಸುಮಾರು ಎರಡು ತಿಂಗಳು ಕಾದರು. ಕೆಲವು ಮೊಟ್ಟೆ ಕೆಟ್ಟವು, ಆರು ಮರಿ ಹೊರಬಂದವು. ಆರೂ ಮಾಮೂಲಿ.

ಫೋನಿನಲ್ಲಿ ಭಾಯಿಯ ದನಿ ಸಪ್ಪಗಿತ್ತು. “ನನಗೆ ಮೋಸ ಮಾಡಿದ್ದಾರೆ” ಎಂದರು. ಈ ಸಲ ನಾನು ಅವಸರ ಮಾಡಲಿಲ್ಲ, ಕಾಗದ ತೆಗೆದುಕೊಂಡು ಕೂತೆ. ಇಂಥ 96 ಹೆಣ್ಣು ಹಾವುಗಳಿವೆ ಎಂದುಕೊಳ್ಳಿ. ಮೂರರಲ್ಲಿ ಎರಡು ಹೆಟ್, ಅಂದರೆ 64. ಉಳಿದ 32 ಅಲ್ಲ. ಎಲ್ಲವೂ ಅಮೆಲ್ ಗಂಡಿನಿಂದ ಆರಾರು ಮರಿ ಹಾಕಿದರೆ, ಹೆಟ್ ಇರುವ 64ರಲ್ಲಿ ಆರಕ್ಕೆ ಆರೂ ಮಾಮೂಲಿ ಮರಿ ಬರುವುದು ಸರಾಸರಿ ಒಂದಕ್ಕೆ ಮಾತ್ರ. ಹೆಟ್ ಅಲ್ಲದ 32ಕ್ಕೂ ಮಾಮೂಲಿ ಮರಿಗಳೇ. ಹೀಗೆ ಆರೂ ಮಾಮೂಲಿ ಬಂದ 33 ಹಾವುಗಳಲ್ಲಿ ಹೆಟ್ ಒಂದೇ ಒಂದು. ಅಂದರೆ ಭಾಯಿಯ ಹಾವು ಹೆಟ್ ಆಗಿರುವ ಸಂಭವ ಈಗ 66ರಿಂದ 3 ಪರ್ಸೆಂಟಿಗೆ ಇಳಿದಿದೆ, ಸೊನ್ನೆಗೆ ಇಳಿದಿಲ್ಲ. ಎಷ್ಟು ಮರಿ ಬಂದರೂ ಈ ದಾರಿಯಲ್ಲಿ ಸೊನ್ನೆ ಆಗುವುದೇ ಇಲ್ಲ. ಮಾರಿದವರು ಸುಳ್ಳು ಹೇಳಿದ್ದಾರೆ ಎಂದೂ ಇದರಿಂದ ಸಾಬೀತಾಗದು. 66 ಎಂದಾಗಲೇ ಮೂರರಲ್ಲಿ ಒಂದು ಪಾಲು ‘ಇಲ್ಲ’ ಎಂಬುದೂ ಅದರೊಳಗೆ ಇತ್ತಲ್ಲ.

ಇನ್ನೊಂದು ದಾರಿ ಇದೆ. ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಅಮೆಲ್ ಹಾವಿನ ‘ಓಸಿಎ2’ ಎಂಬ ಜೀನ್‌ನೊಳಗೆ ಡಿಎನ್‌ಎಯ ಬೇರೊಂದು ತುಣುಕು ಬಂದು ಕೂತಿರುವುದನ್ನು 2015ರಲ್ಲಿ ಪ್ರಕಟಿಸಿದರು. ಮನುಷ್ಯರಲ್ಲಿ ಒಂದು ಬಗೆಯ ಆಲ್ಬಿನಿಸಂಗೂ ಇದೇ ಜೀನ್ ಕಾರಣ. ಜಾಗ ಗೊತ್ತಾದ ಮೇಲೆ ಹುಡುಕುವುದು ಸುಲಭ. ಹಾವು ಕಳಚಿದ ಪೊರೆಯ ಒಂದು ತುಂಡು ಸಾಕು, ಸೂಜಿ ಚುಚ್ಚಬೇಕಿಲ್ಲ. ಜೀನ್ ಇನ್ನೂ ಪತ್ತೆಯಾಗದ ಗುಣಗಳಿಗೆ ಮಾತ್ರ ಈ ಪರೀಕ್ಷೆ ನಡೆಯದು.

ಕಳೆದ ವಾರ ಹೆಣ್ಣು ಹಾವು ಪೊರೆ ಬಿಟ್ಟಿತು. ಭಾಯಿ ಅದನ್ನು ಒಣಗಿಸಿ, ಲಕೋಟೆಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಆರು ಮರಿಗಳ ಡಬ್ಬಿಗಳ ಮೇಲೆ ಏನು ಬರೆಯಲಿ ಎಂದು ನನ್ನನ್ನೇ ಕೇಳಿದರು. ಅದಕ್ಕೆ ಲೆಕ್ಕವೇ ಬೇಕಿರಲಿಲ್ಲ. ತಂದೆ ಅಮೆಲ್, ಕೊಡಲು ಅದರ ಬಳಿ ಬೇರೆ ಪ್ರತಿಯೇ ಇಲ್ಲ. ತಾಯಿಯ ವಿಷಯ ಏನೇ ಇರಲಿ, ಆ ಆರೂ ಮರಿಗಳು ‘100 ಪರ್ಸೆಂಟ್ ಹೆಟ್ ಅಮೆಲ್’.