ನೋಯುವ ವಸಡಿಗೆ ವಿದ್ಯುತ್ ಬ್ರಷ್

ಮಾವಿನೆಲೆ, ಉಮಿಕರಿಗಳಿಂದ ಹಲ್ಲುಜ್ಜುತ್ತಿದ್ದ ನಮ್ಮ ಕಾಸರಗೋಡಿನ ಮನೆಗಳಿಗೂ ಈಗ ವಿದ್ಯುತ್ ಬ್ರಷ್ ಬಂದಿದೆ. 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಈ ಸಾಧನವನ್ನು ವಸಡು ನೋಯುವ ಮಕ್ಕಳಿಗೆ ಕೊಡಿಸಬಹುದೇ ಎಂದು ಹೆತ್ತವರು ನಮ್ಮನ್ನು ಕೇಳುವುದುಂಟು. ಕೊಡಿಸಬಹುದು, ಆದರೆ ಬೆಲೆಗಿಂತ ಮೊದಲು ಎಳೆಗಳನ್ನು ನೋಡಬೇಕು. ಅವು ಮೃದುವಾಗಿರಬೇಕು, ತುದಿ ದುಂಡಗಿರಬೇಕು.

ಮುಖ್ಯವಾದುದು ಒತ್ತಡ. ನಮ್ಮಲ್ಲಿ ಅನೇಕರು ಪಾತ್ರೆ ತಿಕ್ಕುವಂತೆ ಹಲ್ಲು ತಿಕ್ಕುವವರು. ಇದರಿಂದ ವಸಡು ಹಿಂದೆ ಸರಿದು ಬೇರು ಕಾಣತೊಡಗುತ್ತದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಹೆಚ್ಚು ಒತ್ತಿದಾಗ ದೀಪ ಬೆಳಗಿಯೋ ವೇಗ ತಗ್ಗಿಸಿಯೋ ಎಚ್ಚರಿಸುವ ಬ್ರಷ್ಷುಗಳಿವೆ. ಅಂಥದನ್ನೇ ಆರಿಸಬೇಕು. ಹತ್ತು ಬಗೆಯ ವೇಗಗಳಿಗಾಗಿ ಹಣ ಸುರಿಯಬೇಕಾಗಿಲ್ಲ. ಬ್ರಷ್ ತಾನೇ ಅಲುಗುತ್ತದೆ; ನಾವು ತಿಕ್ಕದೆ, ವಸಡಿನ ಅಂಚಿಗೆ ಹಿಡಿದು ಹಲ್ಲಿನಿಂದ ಹಲ್ಲಿಗೆ ಸರಿಸಿದರಾಯಿತು. ಒಟ್ಟು 2 ನಿಮಿಷ. 3 ತಿಂಗಳಿಗೊಮ್ಮೆ ಅದರ ತಲೆ ಬದಲಾಯಿಸಬೇಕು. ಬದಲಿ ತಲೆ ನಮ್ಮ ಪೇಟೆಯಲ್ಲಿ ಸಿಗುವುದೇ ಎಂದು ಮೊದಲೇ ವಿಚಾರಿಸುವುದು ಲೇಸು.

ಕೊಳ್ಳಲಾಗದವರು ಕೊರಗಬೇಕಾಗಿಲ್ಲ. ಮೃದು ಎಳೆಯ ಕೈಬ್ರಷ್ಷನ್ನು ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದು ಉಜ್ಜಿದರೂ ಹಲ್ಲು ಶುಚಿಯಾಗುತ್ತದೆ.

ರಕ್ತ ಬರುತ್ತದೆಂದು ಉಜ್ಜುವುದನ್ನೇ ಬಿಡುವ ಮಕ್ಕಳಿದ್ದಾರೆ. ಹಲ್ಲಿನ ಬುಡದಲ್ಲಿ ಕುಳಿತ ಕೊಳೆಯಿಂದ ವಸಡು ಊದಿಕೊಳ್ಳುವುದೇ ರಕ್ತ ಬರುವುದಕ್ಕೆ ಸಾಮಾನ್ಯ ಕಾರಣ. ಉಜ್ಜುವುದನ್ನು ಬಿಟ್ಟರೆ ಅದು ಹೆಚ್ಚುತ್ತದೆ. ಎರಡು ವಾರ ಹಗುರವಾಗಿ ಉಜ್ಜಿದ ಮೇಲೂ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಬೇಕು.