ನಿಮಗಿದು ಗೊತ್ತೇ? ಹಳೆಯ ತ್ರೀಡಿ ವ್ಯೂವರ್‌ಗೆ ಹೊಸ ಗಾಜು

ಅಮೆರಿಕದ ಮಿಲ್ವಾಕಿಯ ಡೇವಿಡ್ ವೈಟ್ ಕಂಪನಿ 1947ರಲ್ಲಿ ಸ್ಟೀರಿಯೊ ರಿಯಲಿಸ್ಟ್ ಎಂಬ ಜೋಡಿ ಲೆನ್ಸಿನ ಕ್ಯಾಮೆರಾ ಬಿಡುಗಡೆ ಮಾಡಿತು. ವಿನ್ಯಾಸ ಸೆಟನ್ ರಾಕ್‌ವೈಟ್ ಅವರದು. ಮಾಮೂಲಿ 35 ಮಿ.ಮೀ. ರೀಲಿನಲ್ಲೇ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ. ಒಂದೊಂದರ ಅಗಲ ಫಿಲ್ಮಿನ ಐದು ತೂತುಗಳಷ್ಟು. ಎರಡನ್ನೂ 41×101 ಮಿ.ಮೀ. ಚೌಕಟ್ಟಿಗೆ ಸೇರಿಸಿದರೆ ಒಂದು ಸ್ಟೀರಿಯೊ ಸ್ಲೈಡ್.

ಕೊಡಾಕ್ರೋಮ್ ಫಿಲ್ಮಿನಲ್ಲಿ ಅಚ್ಚಾದ ಆ ಚಿತ್ರಗಳಲ್ಲಿ ಸೂಕ್ಷ್ಮ ವಿವರ ಧಾರಾಳವಾಗಿದೆ. ಜಿಪುಣತನವೆಲ್ಲ ಅವನ್ನು ನೋಡುವ ಅಗ್ಗದ ವ್ಯೂವರ್‌ಗಳದು: ಕಣ್ಣಿಗೊಂದೇ ಒಂಟಿ ಮಸೂರ, ಕೆಲವುಗಳಲ್ಲಿ ಅದೂ ಪ್ಲಾಸ್ಟಿಕ್.

ಒಂಟಿ ಮಸೂರ ನೀಲಿಯನ್ನು ಹತ್ತಿರದಲ್ಲೂ ಕೆಂಪನ್ನು ಸ್ವಲ್ಪ ದೂರದಲ್ಲೂ ಕೂಡಿಸುತ್ತದೆ. ಚಿತ್ರದ ಅಂಚಿನಲ್ಲಿ ಮರದ ಕೊಂಬೆಗೆ ಬಣ್ಣದ ಗೆರೆ ಮೂಡುವುದು ಇದರಿಂದಲೇ. ಮದ್ದು: ಕ್ರೌನ್ ಗಾಜಿನ ಪೀನ ಮಸೂರಕ್ಕೆ ಫ್ಲಿಂಟ್ ಗಾಜಿನ ನಿಮ್ನ ಮಸೂರ ಅಂಟಿಸಿದ ಅಕ್ರೊಮ್ಯಾಟ್.

ಈ ಅಕ್ರೊಮ್ಯಾಟ್ ಕಂಡುಹಿಡಿದವರು ಕನ್ನಡಕದ ವ್ಯಾಪಾರಿಯಲ್ಲ, ಇಂಗ್ಲೆಂಡಿನ ವಕೀಲ ಚೆಸ್ಟರ್ ಮೂರ್ ಹಾಲ್. 1730ರ ದಶಕದ ಮಾತು. ಗುಟ್ಟು ರಟ್ಟಾಗಬಾರದೆಂದು ಎರಡು ಗಾಜುಗಳನ್ನು ಲಂಡನ್ನಿನ ಇಬ್ಬರು ಬೇರೆ ಬೇರೆ ಕುಶಲಕರ್ಮಿಗಳಿಗೆ ಒಪ್ಪಿಸಿದರಂತೆ. ಇಬ್ಬರೂ ಕೆಲಸವನ್ನು ದಾಟಿಸಿದ್ದು ಒಬ್ಬನೇ ಜಾರ್ಜ್ ಬಾಸ್‌ಗೆ! ಎರಡು ಗಾಜೂ ಒಬ್ಬರದೇ ಎಂದು ಬಾಸ್‌ಗೆ ಹೊಳೆಯಿತು. ಕೊನೆಗೆ 1758ರಲ್ಲಿ ಪೇಟೆಂಟ್ ಪಡೆದವರು ಇನ್ನೊಬ್ಬ ಲೆನ್ಸ್ ತಯಾರಕ ಜಾನ್ ಡಾಲಂಡ್. ವಕೀಲರೇ ತಮ್ಮ ಹಕ್ಕು ಕಾದುಕೊಳ್ಳದೆ ಹೋದರು ನೋಡಿ.

1939ರಲ್ಲಿ ಬಂದ ವ್ಯೂ-ಮಾಸ್ಟರ್ ಎಂಬ ತ್ರೀಡಿ ವ್ಯೂವರ್ ನಮ್ಮಲ್ಲಿ ಅನೇಕರ ಬಾಲ್ಯದ ಗೆಳೆಯ. ಬೊಂಬಾಯಿಯ ಪಟೇಲ್ ಇಂಡಿಯಾ ಕಂಪನಿ ಇಲ್ಲಿ ಅದನ್ನು ತಯಾರಿಸುತ್ತಿತ್ತು. ಆದರೆ ಹವ್ಯಾಸಿಗಳು ಹುಡುಕುವುದು ಅದರ 1950ರ ದಶಕದ ‘ಮಾಡೆಲ್ ಡಿ’ಯನ್ನು. ಅದರೊಳಗೆ ದೀಪವಿದೆ, ಫೋಕಸ್ ತಿರುಗಿಸಬಹುದು, ಮಸೂರಗಳೂ ಅಕ್ರೊಮ್ಯಾಟ್. ಅದಕ್ಕೆ ಹೊಸ ಗಾಜು ಹಾಕಲು ಹೊರಡುವುದು ವ್ಯರ್ಥ ಸಾಹಸ.

ಹಳೆಯ ವ್ಯೂವರ್‌ನ ಲೆನ್ಸ್ ಬದಲಿಸುವುದೆಂದರೆ ಚಿತ್ರವನ್ನು ದೊಡ್ಡದು ಮಾಡುವುದಲ್ಲ. 250ನ್ನು ಸಂಗಮದೂರದ ಮಿ.ಮೀ. ಲೆಕ್ಕದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 50 ಮಿ.ಮೀ. ಆದರೆ ಐದು ಪಟ್ಟು. ಸಂಗಮದೂರ ಮೂಲ ಲೆನ್ಸಿನದಕ್ಕಿಂತ ಬಹಳ ಬೇರೆಯಾದರೆ ಫೋಕಸ್ ತಿರುಪು ಎಷ್ಟು ತಿರುಗಿಸಿದರೂ ಚಿತ್ರ ಸ್ಪಷ್ಟವಾಗದು.

ಆಳದ ಲೆಕ್ಕ ಇನ್ನೂ ಸ್ವಾರಸ್ಯ. ರಿಯಲಿಸ್ಟ್ ಕ್ಯಾಮೆರಾದ ಲೆನ್ಸಿನ ಸಂಗಮದೂರ 35 ಮಿ.ಮೀ. ವ್ಯೂವರ್‌ನ ಲೆನ್ಸಿನದೂ ಅಷ್ಟೇ ಇದ್ದರೆ ಆಳ ಸಹಜವಾಗಿ ಕಾಣುತ್ತದೆ. ಅದಕ್ಕಿಂತ ಉದ್ದವಾದರೆ ಆಳ ಹಿಗ್ಗುತ್ತದೆ, ಗಿಡ್ಡವಾದರೆ ಕುಗ್ಗುತ್ತದೆ. ಸ್ವಲ್ಪ ಹಿಗ್ಗಿದ ಆಳವೇ ಚೆಂದ ಎನ್ನುವವರೂ ಇದ್ದಾರೆ, ಅವರ ಜೊತೆ ವಾದ ಬೇಡ.

ಒಂದೇ ಲೆನ್ಸ್ ಬದಲಿಸುವಂತಿಲ್ಲ! ಜೋಡೆತ್ತುಗಳ ಹಾಗೆ ಎರಡೂ ಸಮವಿರಬೇಕು. ವರ್ಧನೆಯಲ್ಲಿ ಚೂರು ವ್ಯತ್ಯಾಸ ಬಂದರೂ ಕಣ್ಣು ನೋಯುತ್ತದೆ. ಹಾಗಾಗಿ ಒಂದೇ ಕಡೆ, ಒಂದೇ ಸಲ ಜೋಡಿಯಾಗಿ ಕೊಳ್ಳಿ. 19ನೇ ಶತಮಾನದ ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಇದಕ್ಕೆ ಕಂಡುಕೊಂಡ ಉಪಾಯ ಅದ್ಭುತ: ಒಂದೇ ಮಸೂರವನ್ನು ನಡುವೆ ಕತ್ತರಿಸಿ ಎರಡು ಕಣ್ಣಿಗೆ ಅರ್ಧರ್ಧ!

ಆ ಅರ್ಧ ಮಸೂರಗಳು ಪಟ್ಟಕದ ಕೆಲಸವನ್ನೂ ಮಾಡುತ್ತವೆ. ಕಾರ್ಡು ನೋಡುವ ಹೋಮ್ಸ್ ಮಾದರಿಯ ಮರದ ವ್ಯೂವರ್‌ನಲ್ಲಿ ಚಿತ್ರಗಳ ನಡುವಿನ ಅಂತರ ನಮ್ಮ ಕಣ್ಣುಗಳ ಅಂತರಕ್ಕಿಂತ ಹೆಚ್ಚು. ಅಲ್ಲಿ ಅಚ್ಚುಕಟ್ಟಾದ ದುಂಡು ಅಕ್ರೊಮ್ಯಾಟ್ ಕೂರಿಸಿದಿರೋ, ಎರಡು ಚಿತ್ರ ಒಂದಾಗುವುದೇ ಕಷ್ಟ.

ಅಕ್ರೊಮ್ಯಾಟ್‌ನ ಚಪ್ಪಟೆ ಬದಿ ಸ್ಲೈಡಿನತ್ತ ಇರಬೇಕೆಂಬುದು ಪುಸ್ತಕದ ನಿಯಮ. ಅದು ಚಿತ್ರದ ನಡುಭಾಗಕ್ಕೆ ಸರಿ. ಕಣ್ಣು ಮಸೂರದಿಂದ ಹಿಂದಿರುವುದರಿಂದ ಮೂಲೆಗಳು ಕೆಲವೊಮ್ಮೆ ತಿರುವಿ ಹಾಕಿದಾಗಲೇ ಚೆನ್ನಾಗಿ ಕಾಣುತ್ತವೆ. ಅಂಟಿಸುವ ಮುನ್ನ ಎರಡೂ ರೀತಿ ನೋಡಿ.

ಹಳೆಯ ಅಕ್ರೊಮ್ಯಾಟ್‌ಗಳನ್ನು ಅಂಟಿಸಿದ್ದು ಕೆನಡಾ ಬಾಲ್ಸಂನಿಂದ, ಅಂದರೆ ಒಂದು ಜಾತಿಯ ಫರ್ ಮರದ ರಾಳದಿಂದ. ವಯಸ್ಸಾದಂತೆ ಅದು ಹಳದಿಯಾಗುವುದೂ ಬಿಟ್ಟುಕೊಳ್ಳುವುದೂ ಉಂಟು. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲಿ ಸುಮಾರು ಶೇ. 4 ಬೆಳಕು ಪ್ರತಿಫಲಿಸಿ ಹೋಗುತ್ತದೆ. ಆ ಪ್ರತಿಫಲನವನ್ನು ತಗ್ಗಿಸುವ ಲೇಪನವಿರುವ ಹೊಸ ಲೆನ್ಸಿನಲ್ಲಿ ಕಪ್ಪು ಹೆಚ್ಚು ಕಪ್ಪಾಗಿ ಕಾಣಲು ಇದೇ ಕಾರಣ.

ಲೆನ್ಸ್ ಬದಲಿಸಿದ ಮೇಲೆ ಬಲ್ಬಿನ ಮೇಲೂ ಕಣ್ಣು ಬೀಳುತ್ತದೆ. ಎಲ್‌ಇಡಿ ಹಾಕಿದರೆ ಶಾಖ ಕಡಿಮೆ, ಸೆಲ್ ಬಾಳಿಕೆ ಹೆಚ್ಚು. ಕೀಳು ದರ್ಜೆಯದಾದರೆ ಕೆಂಪು ಸೀರೆ ಮಂಕಾಗಿ ಕಾಣುತ್ತದೆ. ಇನ್ನೊಂದು ಎಚ್ಚರಿಕೆ: ಕೊಡಾಕ್ರೋಮ್ ಕತ್ತಲಲ್ಲಿ ದಶಕಗಟ್ಟಲೆ ಬಣ್ಣ ಉಳಿಸಿಕೊಂಡರೂ ಪ್ರಖರ ಬೆಳಕಿನಲ್ಲಿ ಬೇಗ ಮಾಸುತ್ತದೆ. ಲೆನ್ಸ್ ಒರೆಸಲು ನೇಲ್‌ಪಾಲಿಷ್ ರಿಮೂವರ್ ಮುಟ್ಟಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಪ್ಲಾಸ್ಟಿಕ್ ಲೆನ್ಸ್ ಕ್ಷಣದಲ್ಲಿ ಮಸುಕಾಗುತ್ತದೆ, ಮತ್ತೆ ತಿಕ್ಕಿ ಸರಿಪಡಿಸುವಂತಿಲ್ಲ.