ಮೆಸೇಜು ಎಣಿಸಿದರೆ ಕೆಲಸ ಅಳೆದಂತಾಯ್ತಾ?

ಟೀಮ್ಸ್, ಸ್ಲ್ಯಾಕ್‌ನಂಥ ಆಪ್‌ಗಳು ಈಗ ಕಂಪನಿಗಳ ಅರಳಿಕಟ್ಟೆ ಇದ್ದಂತೆ. ಅಲ್ಲೇ ಪ್ರಶ್ನೆ, ಅಲ್ಲೇ ಉತ್ತರ, ಅಲ್ಲೇ ಲೈಕು. ಇಲ್ಲಿ ದೋಹಾದ ಬಿನ್ ಒಮ್ರಾನ್ ಫ್ಲ್ಯಾಟುಗಳಿಂದ ಆಫೀಸಿಗೆ ಹೊರಡುವ ಎಷ್ಟೋ ಜನರ ದಿನ ಶುರುವಾಗೋದೇ ಇವುಗಳಿಂದ. ಓದು ಮುಗಿಸಿ ನಾವೂ ನಾಳೆ ಅಲ್ಲಿಗೇ ಹೋಗುವವರು. ಹಾಗಾಗಿ ಈ ಆಪ್‌ಗಳಿಂದ ನಿಜವಾಗಿ ಉಪಯೋಗ ಆಯ್ತಾ ಅಂತ ಅಳೆಯೋದು ಹೇಗೆ ಅನ್ನೋದನ್ನು ನೋಡೋಣ.

ಸುಲಭದ ದಾರಿ ಎಣಿಕೆ: ಎಷ್ಟು ಲಾಗಿನ್, ಎಷ್ಟು ಪೋಸ್ಟ್. ಆದರೆ ಎಣಿಕೆಗೆ ಬಹುಮಾನ ಇಟ್ಟರೆ ಏನಾಗುತ್ತೆ? ಇದಕ್ಕೆ ನಮ್ಮ ಬೆಂಗಳೂರಿನ ಇನ್ಫೋಸಿಸ್‌ನಲ್ಲೇ ಉದಾಹರಣೆ ಇದೆ. ನೌಕರರು ತಮ್ಮ ಅನುಭವ ಹಂಚಿಕೊಳ್ಳಲೆಂದು ಅಲ್ಲಿ 'ಕೆ-ಶಾಪ್' ಎಂಬ ಆಂತರಿಕ ತಾಣವಿತ್ತು. ಬರೆದವರಿಗೂ ಪರಿಶೀಲಿಸಿದವರಿಗೂ ಅಂಕ, ಅಂಕಕ್ಕೆ ಬಹುಮಾನ. ಬರಹಗಳ ಮಹಾಪೂರವೇ ಬಂತು. ಆದರೆ ಪರಿಶೀಲಕರಿಗೆ ಹೊರೆಯಾಯ್ತು, ಬೇಕಾದ್ದನ್ನು ಹುಡುಕೋದೂ ಕಷ್ಟವಾಯ್ತು. 2002ರಲ್ಲಿ ಕಂಪನಿ ಅಂಕದ ಕ್ರಮವನ್ನೇ ಬದಲಿಸಿ, ಬಳಸಿದವರಿಗೆ ಎಷ್ಟು ಉಪಯೋಗವಾಯ್ತು ಅನ್ನೋದಕ್ಕೆ ಒತ್ತು ಕೊಟ್ಟಿತು.

ಎಣಿಕೆ ಒಬ್ಬೊಬ್ಬ ವ್ಯಕ್ತಿಯ ಮೇಲೆ ತಿರುಗಿದರೆ ಇನ್ನೂ ಅಪಾಯ. 2020ರಲ್ಲಿ ಮೈಕ್ರೋಸಾಫ್ಟ್‌ನ 'ಪ್ರೊಡಕ್ಟಿವಿಟಿ ಸ್ಕೋರ್'ನಲ್ಲಿ ಯಾರು ಎಷ್ಟು ದಿನ ಚಾಟ್, ಇಮೇಲ್ ಬಳಸಿದರು ಅಂತ ಹೆಸರು ಸಮೇತ ನೋಡಬಹುದಿತ್ತು. ಇದು ಕಣ್ಗಾವಲು ಅಂತ ಟೀಕೆ ಬಂದ ಮೇಲೆ, ಆ ಡಿಸೆಂಬರಿನಲ್ಲಿ ಹೆಸರುಗಳನ್ನು ತೆಗೆಯುವುದಾಗಿ ಕಂಪನಿ ಹೇಳಿತು.

ಕತಾರಿನಲ್ಲಿ ಇನ್ನೊಂದು ತೊಡಕಿದೆ. ಭಾನುವಾರ ಇಲ್ಲಿ ವಾರದ ಮೊದಲ ಕೆಲಸದ ದಿನ, ಬೆಂಗಳೂರಿನಲ್ಲಿ ರಜೆ. ಗಡಿಯಾರದಲ್ಲೂ ಎರಡೂವರೆ ಗಂಟೆ ಅಂತರ. ಎರಡೂ ಊರಲ್ಲಿರುವ ತಂಡವನ್ನು 'ಎಷ್ಟು ಬೇಗ ಉತ್ತರ ಕೊಟ್ಟರು' ಅಂತ ಅಳೆದರೆ, ರಜೆಯಲ್ಲಿ ಮನೆಯಲ್ಲಿದ್ದವರು ಸುಮ್ಮನೆ ಸೋಮಾರಿ ಅನ್ನಿಸಿಕೊಳ್ತಾರೆ.

ಹಾಗಾದರೆ ಅಳೆಯಬೇಕಾದ್ದು ಏನು? ಆಪ್ ತರೋಕೆ ಮುಂಚಿನ ಸ್ಥಿತಿಯನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಆರು ತಿಂಗಳ ನಂತರ ಅದರ ಜತೆ ಹೋಲಿಸಬೇಕು. ಬೇಕಾದ ಮಾಹಿತಿ ಈಗ ಬೇಗ ಸಿಗುತ್ತಾ? ಅದೇ ಪ್ರಶ್ನೆ ಮತ್ತೆ ಮತ್ತೆ ಬರೋದು ಕಡಿಮೆಯಾಯ್ತಾ? ಮೀಟಿಂಗು, ಇಮೇಲು ಇಳಿದವಾ, ಇಲ್ಲಾ ಅವುಗಳ ಮೇಲೆ ಇದೂ ಒಂದು ಸೇರಿತಾ? ಇಂಗ್ಲಿಷಿನಲ್ಲಿ ಬರೆಯೋಕೆ ಹಿಂಜರಿಯುವವರ ಮಾತೂ ಅಲ್ಲಿ ಬಂತಾ? ಇವನ್ನು ನೌಕರರ ಬಾಯಿಂದಲೇ ಕೇಳಬೇಕು. ಒಂದೂ ಪೋಸ್ಟ್ ಹಾಕದೆ, ಬೇರೆಯವರ ಉತ್ತರ ಓದಿ ಕೆಲಸ ಮುಗಿಸಿದವರು ಎಣಿಕೆಯಲ್ಲಿ ಸೊನ್ನೆ. ಆದರೆ ಆ ಆಪ್‌ನಿಂದ ನಿಜವಾಗಿ ಉಪಯೋಗವಾದದ್ದು ಅವರಿಗೇ.